ಗುಡಿಯ ನಡುವಿನ ಕಟಕಟೆ

ನಮ್ಮೂರ ಇಗರ್ಜಿಯನ್ನು ಗುರುಗಳು ಕಟ್ಟಿಸಿದರು ಎಂದು ಇವತ್ತಿಗೂ ಹೇಳುತ್ತಾರೆ. ಸುಳ್ಳು. ಆ ಗುರುಗಳು ಊರಿಗೆ ಬರುವ ಮೊದಲೇ ಗೋಡೆ ಎದೆಯೆತ್ತರಕ್ಕೆ ಬಂದಿತ್ತು. ಕೆರೆಯಂಗಳದ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ತಂದವರು ನಮ್ಮ ಕೇರಿಯ ಹೆಂಗಸರು. ಅವರಲ್ಲಿ ನನ್ನ ಅವ್ವ ಇದ್ದಳು, ನಾನೂ ಇದ್ದೆ. ನನಗಾಗ ಮದುವೆಯ ಮಾತು ನಡೆದಿತ್ತು. ಕುತ್ತಿಗೆ ನೋವೆಂದು ಕುಳಿತರೆ ಅವ್ವ, "ದೇವರ ಮನಿ ಕಟ್ಟಾಕತ್ತೇವಿ, ಏಳ" ಎನ್ನುತ್ತಿದ್ದಳು.

ಹಾನಗಲ್ಲ ಸೀಮೆಯಲ್ಲಿ, ಅಕ್ಕಿಆಲೂರಿನ ಸಂತೆಗೆ ನಡೆದು ಹೋಗಿಬರುವಷ್ಟು ದೂರದ ಊರು ನಮ್ಮದು. ಅಪ್ಪ ರೈತರಿಗೆ ತೊಗಲಿನ ಮಿಣಿ, ಬಾರುಕೋಲು, ಚಪ್ಪಲಿ ಮಾಡಿಕೊಡುತ್ತಿದ್ದ. ನಮ್ಮ ಕೇರಿಯ ಕೆಲವು ಮನೆಗಳು ಅಜ್ಜನ ಕಾಲದಲ್ಲಿ ಕ್ರೈಸ್ತ ಮತಕ್ಕೆ ಸೇರಿದ್ದವು. ಹುಬ್ಬಳ್ಳಿಯ ಕಡೆಯಿಂದ ಗುರುಗಳು ಅಪರೂಪಕ್ಕೆ ಚಕ್ಕಡಿಯಲ್ಲಿ ಬಂದು ಪೂಜೆ ಮಾಡಿ ಹೋಗುತ್ತಿದ್ದರು. ಉಳಿದ ಕಾಲಕ್ಕೆಲ್ಲ ಅಪ್ಪನೇ ಉಪದೇಶಿ. ಮಕ್ಕಳಿಗೆ ಜಪ ಕಲಿಸುತ್ತಿದ್ದ, ಸತ್ತವರನ್ನು ಮಣ್ಣು ಮಾಡುತ್ತಿದ್ದ, ಉಳಿಯುವುದಿಲ್ಲ ಎಂದು ಕಂಡ ಕೂಸಿನ ತಲೆಗೆ ನೀರು ಹಾಕಿ ಜ್ಞಾನಸ್ನಾನ ಕೊಡುತ್ತಿದ್ದ. ಹಾಗೆ ಕೊಡಬಹುದೆಂದು ಹಳೆಯ ಗುರುಗಳೇ ಅವನಿಗೆ ಹೇಳಿಕೊಟ್ಟಿದ್ದರು.

ಮೂವತ್ತರ ದಶಕದ ನಡುವೆ ಊರಲ್ಲೇ ಇರಲು ಒಬ್ಬ ಗುರುಗಳು ಬಂದರು. ಪುಸ್ತಕದ ಕನ್ನಡ ಕಲಿತ ಪರದೇಶದವರು. ಕೇರಿಗೆ ಕೇರಿಯೇ ಊರಬಾಗಿಲಿಗೆ ಹೋಗಿ ಅವರನ್ನು ಕರೆತಂದಿತು. ಅದೇ ಹೊತ್ತಿಗೆ ಕಾರಕೂನಿಕೆಗೆ, ಕಾಡಿನ ಗುತ್ತಿಗೆಗೆ ಎಂದು ಗೋವೆಯ ಕಡೆಯ ನಾಲ್ಕೈದು ಕಿರಿಸ್ತಾನ ಕುಟುಂಬಗಳೂ ಬಂದು ನೆಲೆಸಿದ್ದವು. ಗೋಡೆ ಮುಗಿದು ಹೆಂಚು ಹೊದಿಸಿ ಆಯಿತು. ಮರುವಾರವೇ ಬಡಿಗ ಬಂದು ಇಗರ್ಜಿಯ ನಟ್ಟನಡುವೆ ಸೊಂಟದೆತ್ತರದ ಸಾಗುವಾನಿಯ ಕಟಕಟೆ ಕೂಡಿಸಿ ಹೋದ. ಅದರ ಮುಂದೆ ಬೆಂಚುಗಳು, ಹಿಂದೆ ಬರಿಯ ನೆಲ.

ಅಪ್ಪ ಕೇಳಿದ: "ಇದ್ಯಾಕ್ರಿ ಸ್ವಾಮಿ?"

ಗುರುಗಳು ಮೆತ್ತಗೇ ಹೇಳಿದರು: "ಆ ಕುಟುಂಬಗಳಿಗೆ ನಿಮ್ಮ ಜೊತೆ ಕುಳಿತು ಅಭ್ಯಾಸವಿಲ್ಲ. ಸ್ವಲ್ಪ ಕಾಲ ತಾಳಿಕೊಳ್ಳಿರಿ. ಎಲ್ಲರೂ ದೇವರ ಮಕ್ಕಳೇ ಅಲ್ಲವೇ?"

ಅಪ್ಪ ತಾಳಿಕೊಂಡ. ತಾಳಿಕೊಳ್ಳುವುದು ಅವನಿಗೆ ಬರುತ್ತಿತ್ತು. ಅವನ ಮೇಲೆ ನನಗೆ ಬಂದ ಮೊದಲ ಸಿಟ್ಟು ಅದು. ನಾವು ಹೊತ್ತ ಮಣ್ಣಿನ ಗೋಡೆಯೊಳಗೆ ನಮ್ಮನ್ನೇ ಹಿಂದೆ ಕೂಡಿಸಿದರು. ಊರಲ್ಲಿ ಎಲ್ಲಿಯೂ ಒಳಗೆ ಬಿಡುವುದಿಲ್ಲವೆಂದೇ ನನ್ನ ಅಜ್ಜ ಕುತ್ತಿಗೆಗೆ ಶಿಲುಬೆ ಹಾಕಿಕೊಂಡಿದ್ದ. ಇಲ್ಲಿ ಒಳಗೆ ಬಿಟ್ಟರು, ಬಿಟ್ಟು ನಡುವೆ ಕಟ್ಟಿಗೆ ನೆಟ್ಟರು.

ನನ್ನ ಮದುವೆಯೂ ಆ ಕಟಕಟೆಯ ಹಿಂದೆಯೇ ಆಯಿತು. ಗುರುಗಳು ಪೀಠದಿಂದ ಇಳಿದು ಹಿಂದಕ್ಕೆ ಬಂದು ಉಂಗುರ ಮಂತ್ರಿಸಿಕೊಟ್ಟರು. ನಾನು ಶಿಗ್ಗಾವಿಯ ಕಡೆ ಗಂಡನ ಮನೆಗೆ ಹೋದೆ. ಗಂಡ ದರ್ಜಿ, ಒಳ್ಳೆಯವನು. ಕೆಲವು ವರ್ಷಗಳ ಮೇಲೆ, ಯುದ್ಧದ ಕಾಲದಲ್ಲಿ, ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದೆ. ಕಟಕಟೆ ಇದ್ದಲ್ಲೇ ಇತ್ತು. ಎಣ್ಣೆ ತಿಕ್ಕಿ ಮಿರಿಮಿರಿ ಮಿಂಚುವ ಹಾಗೆ ಮಾಡಿದ್ದರು.

ಆ ವರ್ಷ, ಯೇಸು ಸತ್ತು ಎದ್ದ ಪಾಸ್ಕ ಹಬ್ಬದ ಪೂಜೆಯಲ್ಲಿ ಬೆಂಚಿನವರೆಲ್ಲ ಪ್ರಸಾದ ತೆಗೆದುಕೊಂಡ ಮೇಲೆ ಗುರುಗಳು ನಮ್ಮ ಕಡೆ ಬಂದರು. ನಮ್ಮಲ್ಲಿ ಮೂರು ನಾಲ್ಕು ಮಂದಿಗೆ ಆಗುವಷ್ಟರಲ್ಲಿ ಪಾತ್ರೆ ಬರಿದಾಯಿತು. ಅವ್ವ ಮೊಣಕಾಲೂರಿ, ಕಣ್ಣು ಮುಚ್ಚಿ, ಬಾಯಿ ತೆರೆದು ಕಾಯುತ್ತಿದ್ದಳು. ಗುರುಗಳು ಅವಳ ತಲೆಯ ಮೇಲೆ ಕೈಯಾಡಿಸಿ ಹಿಂದಿರುಗಿದರು. ಅವರು ಹೋದದ್ದು ಅವ್ವನಿಗೆ ತಿಳಿಯಲೇ ಇಲ್ಲ. ನಾನೇ ಅವಳ ತೋಳು ಹಿಡಿದು ಎಬ್ಬಿಸಿದೆ. ಉಪವಾಸವಿದ್ದ ಮುಖ ಸುಟ್ಟ ಹಾಗಾಗಿತ್ತು.

ಮುಂದಿನ ಭಾನುವಾರ ಅವ್ವ ಒಳಗೆ ಹೋಗಲಿಲ್ಲ. ಹೊರಗೆ ಹುಣಸೆಮರದ ಕೆಳಗೆ ಕೂತು ಜಪಸರ ತೆಗೆದು ಗಟ್ಟಿಯಾಗಿ ಮರಿಯಮ್ಮನ ಜಪ ಶುರುಮಾಡಿದಳು. ಅವಳ ಹಿಂದೆ ನಾನು, ನನ್ನ ಹಿಂದೆ ಕೇರಿಯ ಹೆಂಗಸರೆಲ್ಲ. ಒಳಗಿನ ಲ್ಯಾಟಿನ್ ಮಂತ್ರ ನಮ್ಮ ಕನ್ನಡದಲ್ಲಿ ಮುಳುಗಿಹೋಯಿತು. ಗುರುಗಳು ಪೂಜೆ ಮುಗಿಸಿ ಕೆಂಪಗಾಗಿ ಹೊರಗೆ ಬಂದರು.

"ಇದು ದೇವರಿಗೆ ಮಾಡುವ ಅಪಮಾನ. ನೀವು ಒಳಗೆ ಬಂದು ಕ್ಷಮೆ ಕೇಳುವ ತನಕ ಈ ಮನೆಗಳಿಗೆ ಜ್ಞಾನಸ್ನಾನವಿಲ್ಲ, ಸಮಾಧಿಯಿಲ್ಲ."

ಅವ್ವ ಕೂತಲ್ಲಿಂದಲೇ ಹೇಳಿದಳು: "ಕಟಕಟಿ ತಗೀರಿ, ಬರ್ತೇವಿ. ಕ್ಷಮಾ ಕೇಳೂದು ನಮ್ಮ ಕೆಲಸ ಅಲ್ರಿ."

ಅದಾಗಿ ತಿಂಗಳೊಳಗೆ ನಾನು ಹೆತ್ತೆ. ಗಂಡು. ಅಳುವಿಗೆ ಜೋರಿರಲಿಲ್ಲ. ಮೊಲೆ ಹಿಡಿದು ಬಿಟ್ಟುಬಿಡುತ್ತಿದ್ದ. ಸೂಲಗಿತ್ತಿ ಅವ್ವನನ್ನು ಹೊರಗೆ ಕರೆದು ಪಿಸುಗುಟ್ಟಿದ್ದು ನನಗೆ ಕೇಳಿಸಿತು. ಅಪ್ಪ ಗುರುಗಳ ಬಾಗಿಲಿಗೆ ಹೋಗಿ ನಿಂತು, ಕೂಸಿಗೆ ಜ್ಞಾನಸ್ನಾನ ಕೊಡಿರೆಂದು ಬೇಡಿದ. ಕ್ಷಮೆ ಕೇಳಲು ನಿನ್ನ ಹೆಂಡತಿಯನ್ನು ಕಳಿಸು ಎಂದರಂತೆ. ಬರಿಗೈಯಲ್ಲಿ ಬಂದ ಅಪ್ಪ ತಂಬಿಗೆ ತುಂಬಿಕೊಂಡು ಬಂದು ನನ್ನ ಮಗನ ತಲೆಗೆ ತಾನೇ ನೀರು ಹಾಕಿದ. ಹೆಸರನ್ನು ಸ್ಪಷ್ಟವಾಗಿ ಕರೆದ. ಅಷ್ಟು ವರ್ಷ ಅವನ ಮೇಲಿದ್ದ ಸಿಟ್ಟು ನನಗೆ ಆ ಹೊತ್ತಿನಲ್ಲಿ ಹೋಯಿತು.

ಮರುದಿನ ಮಧ್ಯಾಹ್ನ ಮಗ ಹೋದ.

ಹಸಿ ಬಾಣಂತಿ ನಾನು. ಕಂಬಳಿ ಹೊದ್ದು ಅಪ್ಪನ ಸಂಗಡ ಇಗರ್ಜಿಗೆ ನಡೆದೆ. ಅವ್ವ ತಡೆಯಲಿಲ್ಲ. ಕೂಸು ನನ್ನ ಕೈಯಲ್ಲಿತ್ತು. ಗುರುಗಳು ಮೆಟ್ಟಿಲ ಮೇಲೆಯೇ ನಿಂತರು.

"ಯಾರನ್ನು ಕೇಳಿ ನೀರು ಹಾಕಿದೆ?" ಎಂದು ಅಪ್ಪನನ್ನು ಕೇಳಿದರು.

"ಸಾಯೂ ಕೂಸಿಗೆ ಯಾರ ಬೇಕಾದ್ರೂ ಹಾಕಬಹುದು ಅಂತ ನಿಮ್ಮವರ ಕಲಿಸ್ಯಾರಿ."

"ನಿನ್ನ ಮನೆ ಸಭೆಯ ಹೊರಗೆ ಕುಳಿತಿದೆ. ಹೊರಗೇ ಹೂಳಿಕೋ."

ನಾನು ಬಾಯಿ ತೆರೆದೆ. ನನ್ನ ಬಾಯಿಂದ ಬಂದದ್ದು ಇಷ್ಟೇ: "ಈ ಮೆಟ್ಟಲದ ಮಣ್ಣು ನಾ ಹೊತ್ತದ್ದು. ಅದರ ಮ್ಯಾಲಿಂದ ಇಳೀರಿ." ಅವರು ಇಳಿಯಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಇಷ್ಟು ವರ್ಷಗಳಾದರೂ ಆ ಬಾಗಿಲು ನೆನಪಾದರೆ ನನ್ನ ಹಲ್ಲು ಕಚ್ಚಿಕೊಳ್ಳುತ್ತದೆ.

ತಿರುಗಿ ಬರುವಾಗ ದಾರಿಯಲ್ಲಿ ಒಬ್ಬ ಲಿಂಗವಂತ ರೈತ ಸಿಕ್ಕ. ಅಪ್ಪ ಅವನ ಮನೆಗೆ ವರ್ಷಗಟ್ಟಲೆ ಮಿಣಿ ಮಾಡಿಕೊಟ್ಟವನು. ನನ್ನ ಕೈಯಲ್ಲಿದ್ದದ್ದನ್ನು ನೋಡಿದ, ಅಪ್ಪ ಹೇಳಿದ್ದನ್ನು ಕೇಳಿದ.

"ನಮ್ಮ ಹೊಲದ ಬದುವಿನ್ಯಾಗ ಹೂಳ್ರಿ. ನಾವೂ ಮಣ್ಣಾಗ ಇಡವ್ರ" ಎಂದ.

ಅಲ್ಲೇ ಹೂಳಿದೆವು. ಅಪ್ಪ ಜಪ ಹೇಳಿದ. ಆ ರೈತ ದೂರ ನಿಂತಿದ್ದ, ಹತ್ತಿರ ಬರಲಿಲ್ಲ. ಅವನನ್ನು ನಾನು ದೊಡ್ಡವನೆಂದು ಹೊಗಳುವುದಿಲ್ಲ. ಅವನೂ ನಮ್ಮ ಕೈಯ ನೀರು ಕುಡಿದವನಲ್ಲ. ಆದರೆ ಎಲ್ಲರೂ ದೇವರ ಮಕ್ಕಳು ಎಂದು ಹೇಳಿಕೊಂಡು ಅವನು ನಮ್ಮನ್ನು ದೂರ ಇಟ್ಟಿರಲಿಲ್ಲ.

ನನ್ನ ಗಂಡ ಸುದ್ದಿ ತಿಳಿದು ಓಡಿ ಬಂದು ಬದುವಿನ ಮೇಲೆ ಕೂತು ಅತ್ತ. ನನಗೆ ಅಳು ಬರಲಿಲ್ಲ. ಹಾಲು ಕಟ್ಟಿ ಎದೆ ಕಲ್ಲಾಗಿತ್ತು. ಕೇರಿಯ ಹೆಂಗಸರು ಆಮೇಲೂ ಇಗರ್ಜಿಯ ಒಳಗೆ ಹೋಗಲಿಲ್ಲ. ಮಳೆಗಾಲ ಬಂತು, ತಲೆಯ ಮೇಲೆ ಕಂಬಳಿಯ ಗೊಪ್ಪೆ ಹಾಕಿಕೊಂಡು ಹುಣಸೆಮರದ ಕೆಳಗೇ ಕೂತರು. ಹೀಗೆ ಎರಡನೆಯ ಮಳೆಗಾಲವೂ ಕಳೆಯಿತು.

ಕಟಕಟೆ ಹೋದದ್ದು ಹೇಗೆಂದರೆ, ಬಿಷಪ್ಪರು ಬರುವವರಿದ್ದರು. ಅವರು ಬರುವ ಹಿಂದಿನ ದಿನ ಅದೇ ಬಡಿಗ ಬಂದು ಅದನ್ನು ಕಿತ್ತು ಹಿತ್ತಲಿಗೆ ಎಸೆದ. ಗುರುಗಳು ಕೇರಿಗೆ ಆಳು ಕಳಿಸಿ, ಎಲ್ಲರೂ ಒಳಗೆ ಬನ್ನಿರೆಂದು ಹೇಳಿಸಿದರು. ತಾವು ಬರಲಿಲ್ಲ. ನಾನು ಆಗ ತವರಿಗೆ ಬಂದಿದ್ದೆ. ಹೋದೆವು. ಅವ್ವ ಎಲ್ಲರಿಗಿಂತ ಮುಂದಿನ ಬೆಂಚಿನಲ್ಲಿ, ಕಾಡಿನ ಗುತ್ತಿಗೆದಾರನ ಹೆಂಡತಿಯ ಪಕ್ಕದಲ್ಲಿ ಕೂತಳು. ಆಕೆ ಎದ್ದು ಹಿಂದೆ ಹೋದಳು. ಅವ್ವ ಸೆರಗು ಸರಿಮಾಡಿಕೊಂಡು ಇನ್ನಷ್ಟು ಅಗಲವಾಗಿ ಕೂತಳು.

ಪೂಜೆಯ ಕೊನೆಗೆ ಗುರುಗಳು ಬಿಷಪ್ಪರ ಮುಂದೆ ಮಾತಾಡಿದರು. ನಮ್ಮ ಸಭೆಯಲ್ಲಿ ಮೇಲು ಕೀಳು ಎಂಬುದು ಎಂದೂ ಇರಲಿಲ್ಲ ಎಂದರು. ನೆಲದಲ್ಲಿ ಕಟಕಟೆಯ ಕಾಲು ಕಿತ್ತ ಕುಣಿಗಳು ಇನ್ನೂ ಹಸಿಯಾಗಿದ್ದವು. ಬಿಷಪ್ಪರು ಅವುಗಳನ್ನು ದಾಟಿಕೊಂಡೇ ನಡೆದುಹೋದರು. ಏನು ಎಂದು ಕೇಳಲಿಲ್ಲ.

ಆ ಗುರುಗಳಿಗೆ ಮುಂದೆ ವರ್ಗವಾಯಿತು. ಊರವರು ಹಾರ ಹಾಕಿ ಕಳಿಸಿದರು. ಕ್ಷಮಿಸಿ ಎಂಬ ಮಾತು ಅವರ ಬಾಯಿಂದ ನಾನು ಕೇಳಲಿಲ್ಲ. ಅವರ ನಂತರ ಬಂದವರು ವಯಸ್ಸಿನಲ್ಲಿ ಸಣ್ಣವರು, ಸಂಕೋಚದವರು. ಯಾರೋ ಹೇಳಿದ್ದನ್ನು ಕೇಳಿ, ನಾನು ತವರಲ್ಲಿದ್ದಾಗ ಮನೆಗೆ ಬಂದು, ಚಾಪೆಯ ಮೇಲೆ ಕೂತು, ಚಹಾ ಕುಡಿದು, ಕೂಸಿನ ಎಲುಬುಗಳನ್ನು ತೆಗೆದು ಇಗರ್ಜಿಯ ಸ್ಮಶಾನದಲ್ಲಿ ವಿಧಿಪ್ರಕಾರ ಇಡೋಣವೇ ಎಂದು ನನ್ನನ್ನು ಕೇಳಿದರು. ಅವ್ವ ನನ್ನ ಮುಖ ನೋಡಿದಳು, ಉತ್ತರ ನನಗೇ ಬಿಟ್ಟಳು.

"ಬ್ಯಾಡ್ರಿ" ಎಂದೆ. "ಇದ್ದಲ್ಲೇ ಇರ್ಲಿ. ಅಲ್ಲಿ ಅವಗ ಹಿಂದ ಕುಂದ್ರು ಅಂದವ್ರು ಯಾರೂ ಇಲ್ಲ."

ಅವರು ತಲೆ ತಗ್ಗಿಸಿ ಎದ್ದುಹೋದರು. ಆಮೇಲೆ ನನಗೆ ಮೂವರು ಮಕ್ಕಳಾದರು. ಮೂವರಿಗೂ ಜ್ಞಾನಸ್ನಾನ ಕೊಟ್ಟವನು ಅಪ್ಪನೇ, ತವರಿನ ಪಡಸಾಲೆಯಲ್ಲೇ. ಮೂವರೂ ಗಟ್ಟಿಮುಟ್ಟಾಗಿದ್ದರು, ಯಾರೂ ಸಾಯುವ ಹಾಗಿರಲಿಲ್ಲ. ಇದು ಸಭೆಯ ನೇಮಕ್ಕೆ ತಪ್ಪು ಎಂದು ಹೊಸ ಗುರುಗಳು ಪ್ರತಿಸಲವೂ ಹೇಳಿದರು. ನಾನು ಪ್ರತಿಸಲವೂ ಹೌದ್ರಿ ಎಂದೆ.