ಪರದೆಯ ಎಡಗಡೆ ಕೂತಿದ್ದ ಅಕ್ಕ

ಟಿವಿ ಪರದೆಯ ಮೇಲೆ ಕೆಳಗೆ ಕಪ್ಪು ಪಟ್ಟಿ ಕಂಡರೆ ನನಗೆ ಮೊದಲಿನಿಂದಲೂ ಮೈಯುರಿ. ಅಷ್ಟಗಲದ ಟಿವಿ ತಂದಿಟ್ಟು, ಗೇಣುದ್ದ ಕತ್ತಲೆಯನ್ನು ನೋಡುತ್ತ ಕೂರಲು ನಮಗೇನು ಗ್ರಹಚಾರವೇ, ನೀವೇ ಹೇಳಿ. ಚಿತ್ರವನ್ನು ಹಿಗ್ಗಿಸಿ ಪರದೆ ತುಂಬಿಸಿದ ಮೇಲೆಯೇ ನನಗೆ ಸಮಾಧಾನ.

ಸಿಂಗಪುರದ ಹೌಗಾಂಗ್‌ನ ನಮ್ಮ ಬ್ಲಾಕಿನಲ್ಲಿ ಎದುರು ಮನೆಯ ಚೀನೀ ಆಂಟಿಗೆ ಎಪ್ಪತ್ತು ದಾಟಿತ್ತು. ನಾನು ಒನ್-ನಾರ್ತ್ ಟೆಕ್ ಪಾರ್ಕಿನಲ್ಲಿ ಸಾಫ್ಟ್‌ವೇರ್ ಕೆಲಸದವನೆಂದು ತಿಳಿದಂದಿನಿಂದ ಫ್ಯಾನು ಕೆಟ್ಟರೂ ನನ್ನನ್ನೇ ಕರೆಯುತ್ತಿದ್ದರು. ನಾನೂ ಸರ್ವಜ್ಞನ ಠೀವಿಯಲ್ಲಿ ಹೋಗುತ್ತಿದ್ದೆ. ಒಮ್ಮೆ ಚೀನೀ ಹೊಸವರ್ಷಕ್ಕೆ ಮುನ್ನ, ಅವರು ಮನೆ ಗುಡಿಸಿ ಹಳತನ್ನೆಲ್ಲ ಹೊರಹಾಕುವ ದಿನಗಳಲ್ಲಿ, ಗೀರುಬಿದ್ದ ಡಿಸ್ಕೊಂದನ್ನು ತಂದರು. ಕತ್ತಿವರಸೆಯ ಹಳೆಯ ಸಿನಿಮಾ. ತಂದೆಯನ್ನು ಕೊಂದವರನ್ನು ಹುಡುಕುತ್ತ ವೀರನಾರಿಯೊಬ್ಬಳು ಸೂರಿನಿಂದ ಸೂರಿಗೆ ಹಾರುವ ಕಥೆ.

“ಇದ್ರಲ್ಲಿ ನನ್ನ ಅಕ್ಕ ಇದಾಳೆ ಲಾ. ಛತ್ರದ ಸೀನಲ್ಲಿ ಟೀ ಕುಡೀತಾಳೆ. ಪೆನ್‌ಡ್ರೈವ್‌ಗೆ ಹಾಕ್ಕೊಡು, ಕ್ಯಾನ್ ಆರ್ ನಾಟ್?” ಎಂದರು, ಇಲ್ಲಿನವರ ಮಾತಿಗೆಲ್ಲ ಅಂಟಿಕೊಳ್ಳುವ ‘ಲಾ’ ಸೇರಿಸಿ.

ಸಿನಿಮಾ ಹುಚ್ಚಿಗೆ ಹಾಂಗ್‌ಕಾಂಗ್‌ಗೆ ಹೋದ ಅಕ್ಕ ಅಲ್ಲೇ ಕಾಯಿಲೆಯಿಂದ ತೀರಿಕೊಂಡಿದ್ದಳು. ಇಲ್ಲಿನ ಹಳೆಯ ಮನೆ ಸುಟ್ಟಾಗ ಅವಳ ಫೋಟೋಗಳೂ ಸುಟ್ಟಿದ್ದವು. ಉಳಿದದ್ದು ಆ ಒಂದು ಲೋಟ ಟೀ ಕುಡಿಯುವಷ್ಟು ಹೊತ್ತು ಮಾತ್ರ.

ಡಿಸ್ಕಿನ ಚಿತ್ರದಲ್ಲಿ ಮೇಲೆ ಕೆಳಗೆ ಆ ಹಾಳು ಕಪ್ಪು ಪಟ್ಟಿ! ನಾನು ಬಿಡುತ್ತೇನೆಯೇ? ಪಟ್ಟಿಗಳನ್ನು ಕತ್ತರಿಸಿ, ಚಿತ್ರವನ್ನು ಹಿಗ್ಗಿಸಿ, ಹಿಗ್ಗಿದಾಗ ಎಡಬಲದ ಅಂಚಿನಲ್ಲಿ ಏನು ಕತ್ತರಿಸಿಹೋಯಿತೆಂದು ನೋಡದೆಯೇ ಕೊಟ್ಟೆ. ಸಾಲದ್ದಕ್ಕೆ, “ಇನ್ನು ಡಿಸ್ಕ್ ಬೇಡ ಆಂಟಿ, ಎಸೆದುಬಿಡಿ” ಎಂದು ಸಲಹೆ ಬೇರೆ. ನನ್ನ ಮಾತು ನಂಬಿ ಅವರು ಅದನ್ನು ಮಹಡಿಯಿಂದ ನೆಲಕ್ಕೆ ಕಸ ಬೀಳಿಸುವ ಕೊಳವೆಗೆ ಹಾಕಿದರು.

ಹಬ್ಬದ ದಿನ ಪದ್ಧತಿಯಂತೆ ಎರಡು ಕಿತ್ತಳೆ ಹಿಡಿದು ಹೋದೆ. ತಮ್ಮನ ಮಕ್ಕಳು ಮೊಮ್ಮಕ್ಕಳನ್ನೆಲ್ಲ ಕೂರಿಸಿ ಆಂಟಿ ಸಿನಿಮಾ ಹಾಕಿದ್ದರು. ಪರದೆ ಭರ್ತಿ ಚಿತ್ರ. ನಾನು ಬೀಗುತ್ತ ಕೂತೆ. ಛತ್ರದ ದೃಶ್ಯ ಬಂತು. ಎಡತುದಿಯಲ್ಲಿ ಅರ್ಧ ಮೇಜು. ಒಂದು ಕೈ ಬಂದು ಬಟ್ಟಲನ್ನೆತ್ತಿ ಆಚೆಗೆ ಹೋಯಿತು, ಖಾಲಿ ಬಟ್ಟಲನ್ನಿಟ್ಟು ಮತ್ತೆ ಮರೆಯಾಯಿತು. ಅಷ್ಟೇ. ಆಂಟಿ ಎದ್ದು ಹೋಗಿ, ಟಿವಿಯ ಎಡಚೌಕಟ್ಟಿನ ಆಚೆಗೆ ಬಗ್ಗಿ ನೋಡಿದರು. ಅಲ್ಲಿ ಗೋಡೆಯಿತ್ತು.

ಮೂಲ ಪ್ರತಿಯನ್ನು ನನ್ನ ಕಂಪ್ಯೂಟರಿನಲ್ಲೂ ಉಳಿಸಿಕೊಂಡಿರಲಿಲ್ಲ. ಆಮೇಲೆ ನಾನು ಹುಡುಕದ ಅಂಗಡಿಯಿಲ್ಲ, ಜಾಲತಾಣವಿಲ್ಲ. ಸಿಕ್ಕ ಒಂದೇ ಪ್ರತಿಯಲ್ಲಿ ಛತ್ರದ ದೃಶ್ಯವನ್ನೇ ತೆಗೆದುಹಾಕಿದ್ದರು. ವಿನಾಯಕನನ್ನು ಮಾಡಹೋಗಿ ಅವರಪ್ಪನನ್ನು ಮಾಡಿದವನಾದರೂ ಏನೋ ಒಂದನ್ನು ಮಾಡಿದ್ದ. ನಾನು ಇದ್ದುದನ್ನೂ ಅಳಿಸಿದೆ. ನಮಗೆ ಅಂದವೆನಿಸಿದ್ದೇ ಎಲ್ಲರಿಗೂ ಒಳ್ಳೆಯದೆಂಬ ಈ ಅಹಂಕಾರಕ್ಕೆ ಉಪಕಾರವೆಂದು ಹೆಸರಿಟ್ಟವರು ಯಾರೋ ಕಾಣೆ.

“ನೆವರ್ ಮೈಂಡ್ ಲಾ, ಕೈ ಅವಳದ್ದೇ,” ಎಂದಿದ್ದರು ಹಬ್ಬದ ದಿನ ಆಂಟಿ. ಬೈದಿದ್ದರೆ ಬದುಕುತ್ತಿದ್ದೆ. ಲಿಫ್ಟಿನಲ್ಲಿ ಈಗಲೂ ನಗುತ್ತಾರೆ. ಆದರೆ ಫೋನು ಕೆಟ್ಟರೆ ಕೆಳಗಿನ ಅಂಗಡಿಗೆ ಒಯ್ಯುತ್ತಾರೆ.

ನಮ್ಮ ಟಿವಿಯಲ್ಲಿ ಈಗ ಕಪ್ಪು ಪಟ್ಟಿಗಳು ಹಾಗೆಯೇ ಇರುತ್ತವೆ. “ಅಪ್ಪಾ, ಫುಲ್ ಸ್ಕ್ರೀನ್ ಮಾಡು ಲಾ” ಎಂದು ಮಗಳು ರೇಗುತ್ತಾಳೆ. ನಾನು ರಿಮೋಟ್ ಕೊಡುವುದಿಲ್ಲ. ಸಿನಿಮಾ ಯಾವುದೇ ಇರಲಿ, ನನ್ನ ಕಣ್ಣು ಮಾತ್ರ ಎಡತುದಿಯಲ್ಲೇ ಇರುತ್ತದೆ, ಅಲ್ಲಿ ಯಾರು ಕೂತಿದ್ದಾರೆಂದು.