ಸಿಂಗಳೀಕ ಉಗುಳಿದ ಬೀಜ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಸೋದರಮಾವ ಹೇಳುತ್ತಿದ್ದ. ಸುಳ್ಳೇನಲ್ಲ. ಆ ಸಿಟ್ಟಿನಿಂದಲೇ ನಾನು ಒಮ್ಮೆ ಐದು ತಿಂಗಳು ನಷ್ಟ ಮಾಡಿಕೊಂಡೆ.

ತ್ರಿಪ್ಲಿಕೇನಿನಲ್ಲಿ ಮಾವನ ಊಟದ ಮೆಸ್ಸು. ಕೆಳಗೆ ಮೆಸ್ಸು, ಮೇಲೆ ಮನೆ. ಹತ್ತನೇ ವಯಸ್ಸಿನಿಂದ ನಾನು ಅಲ್ಲೇ ಬೆಳೆದವಳು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ತಾಂಬರಂ ಕಡೆಯ ಕಾಲೇಜೊಂದರಲ್ಲಿ ಸಿಂಗಳೀಕಗಳ ಮೇಲೆ ಸಂಶೋಧನೆಗೆ ಸೇರಿದ್ದೆ. "ಕೋತಿ ಹಿಂದೆ ಅಲೆಯೋಕೆ ಎಂಎಸ್ಸಿ ಬೇಕಿತ್ತೇನೆ?" ಅಂತ ಮಾವ ರೇಗಿಸುತ್ತಿದ್ದ. ಆದರೂ ಕಾಡಿಗೆ ಹೊರಟಾಗಲೆಲ್ಲ ಎಗ್ಮೋರಿಗೆ ಬಂದು ರೈಲು ಹತ್ತಿಸಿಯೇ ಹೋಗುತ್ತಿದ್ದ.

ತೆಂಕಣ ಬೆಟ್ಟಗಳ ಕಾಡಿನಲ್ಲಿ ನಾನು ಒಂದು ವಿಷಯ ನೋಡಿದ್ದೆ. ಸಿಂಗಳೀಕ ಒಂದು ಹುಳಿಹಣ್ಣನ್ನು ಕಚ್ಚಿ, ಬೀಜಗಳನ್ನು ಕೆನ್ನೆಯೊಳಗೆ ತುಂಬಿಕೊಂಡು ದೂರದ ಇನ್ನೊಂದು ಮರಕ್ಕೆ ಹೋಗುತ್ತದೆ. ಅಲ್ಲಿ ಕೂತು ಚೀಪಿ, ಬೀಜ ಉಗುಳುತ್ತದೆ. ಅಂದರೆ ಕಾಡು ನೆಡುವುದೇ ಅದು ಅನ್ನುವುದು ನನ್ನ ವಾದ. ನನ್ನ ಮೇಷ್ಟ್ರು ತಮಿಳರು, ಬಲು ಖಡಕ್ಕು. ಉಗುಳಿದ ಬೀಜ ಮೊಳೆತರೆ ಪ್ರಬಂಧದಲ್ಲಿ ಆ ಅಧ್ಯಾಯ ಇರಲಿ, ಇಲ್ಲದಿದ್ದರೆ ಕಿತ್ತುಹಾಕು ಅಂದರು. ಆ ಒಂದು ಅಧ್ಯಾಯಕ್ಕಾಗಿ ನಾನು ಎರಡು ಮಳೆಗಾಲ ಜಿಗಣೆಗಳಿಗೆ ರಕ್ತ ಕೊಟ್ಟಿದ್ದೆ.

ಆರಿಸಿ ತಂದ ಬೀಜದಲ್ಲಿ ಅರ್ಧವನ್ನು ಕಾಲೇಜಿನ ಗಾಜಿನ ತಟ್ಟೆಗಳಲ್ಲಿಟ್ಟೆ. ಉಳಿದರ್ಧವನ್ನು ಕಚ್ಚಿದ ಹಣ್ಣುಗಳ ಜೊತೆ ಮೆಸ್ಸಿನ ತಾರಸಿಯಲ್ಲಿ ಮೊರದ ಮೇಲೆ ಹರಡಿದೆ. ಯಾವ ಮರದಡಿ ಸಿಕ್ಕಿದ್ದು ಅಂತ ನಂಬರು ಬರೆದು ಒಂದೊಂದು ಗುಂಪಿಗೂ ಚೀಟಿ ಕಟ್ಟಿದ್ದೆ.

ಎರಡು ದಿನ ಬಿಟ್ಟು ನೋಡಿದರೆ ಮೊರ ಖಾಲಿ. ಅಡುಗೆ ಭಟ್ಟರು ಅಂಕೋಲದ ಕಡೆ ಘಟ್ಟದ ಬುಡದವರು. ನಗುನಗುತ್ತಾ ಅಂದರು, "ನಮ್ ಬದಿಯ ಉಪ್ಪಾಗೆ ಹಣ್ಣು ಅಲ್ದಾ ತಂಗಿ? ಊರಿಂದ ಯಾರೋ ಕಳಿಸಿದ್ದು ಅಂದ್ಕಂಡೆ. ಸಾರು ಮಾಡ್ದೆ."

ಆವತ್ತು ಮಧ್ಯಾಹ್ನ ಎಲ್ಲರೂ ಎರಡೆರಡು ಸಲ ಸಾರು ಹಾಕಿಸಿಕೊಂಡಿದ್ದರು. ನಾನೂ ಉಂಡಿದ್ದೆ, ರುಚಿಯಾಗಿದೆ ಅಂತಲೂ ಹೇಳಿದ್ದೆ. ಕೋತಿ ಕಚ್ಚಿದ ಹಣ್ಣು ಅಂತ ಮಾವನಿಗೆ ಮಾತ್ರ ಹೇಳಲಿಲ್ಲ, ಹೇಳಿದ್ದರೆ ಮೆಸ್ಸಿನ ಬೋರ್ಡು ಇಳಿಸಬೇಕಾಗುತ್ತಿತ್ತು. ಭಟ್ಟರಿಗೆ ಮಾತ್ರ ಬಾಯಿಗೆ ಬಂದ ಹಾಗೆ ಅಂದೆ. ನಿಮ್ಮ ಮುಖ ನೋಡುವುದಿಲ್ಲ, ಮಾತೂ ಆಡುವುದಿಲ್ಲ ಅಂದೆ. ಅವರು ಏನೋ ಹೇಳಲು ಬಂದರು, ನಾನು ಕೇಳಲಿಲ್ಲ.

ಕಾಲೇಜಿನ ಬೀಜಗಳಿಗೆ ಬೂಷ್ಟು ಹಿಡಿಯಿತು. ಬೇರೆ ತರೋಣವೆಂದರೆ ಕಾಡಿನಲ್ಲಿ ಹಣ್ಣಿನ ಕಾಲ ಮುಗಿದಿತ್ತು. ತಿಂಗಳುಗಳು ಉರುಳಿದವು. ನಾನು ಮೆಸ್ಸಿನಲ್ಲಿ ತಲೆ ತಗ್ಗಿಸಿ ಉಂಡು ಏಳುತ್ತಿದ್ದೆ. ನನಗೆ ಕೆನೆಮೊಸರು ಇಷ್ಟ ಅಂತ ಭಟ್ಟರಿಗೆ ಗೊತ್ತು. ಆ ಐದು ತಿಂಗಳೂ ನನ್ನ ಎಲೆಗೆ ಒಂದು ದಿನವೂ ಕೆನೆ ತಪ್ಪಲಿಲ್ಲ. ನಾನು ಅದನ್ನು ತಿಂದೆ, ಮಾತು ಮಾತ್ರ ಆಡಲಿಲ್ಲ. ಎಂಥ ಹಟಮಾರಿ ಜನ್ಮ ನನ್ನದು!

ಕೊನೆಗೆ ಮೇಷ್ಟ್ರು ಅಧ್ಯಾಯ ತೆಗೆಯಲು ಹೇಳಿದರು. ಆ ದಿನ ಊಟದ ಹೊತ್ತು ಮೀರಿ ಬಂದು, ಕೈತೊಳೆಯುವ ನಲ್ಲಿಯ ಹತ್ತಿರ ನಿಂತು ಅತ್ತುಬಿಟ್ಟೆ. ಭಟ್ಟರು ಒಳಗಿಂದ ಬಂದರು, ಯಾಕೆ ಅಂತ ಕೇಳಿದರು. ಸೋತ ಮೇಲೆ ಹಟ ಎಲ್ಲಿ ಉಳಿಯುತ್ತದೆ? ಹೇಳಿದೆ.

"ಅಯ್ಯ, ಬೀಜ ಬೇಕಿತ್ತಾ ನಿಂಗೆ? ಹಣ್ಣಿಗೆ ಸಿಟ್ಟಾದ್ದು ಅಂತ ಮಾಡಿದ್ದೆ" ಅಂದವರು ಅಡುಗೆಮನೆ ಹಿಂದಿನ ಗೋಡೆಯ ಮೂಲೆಗೆ ಕರೆದೊಯ್ದರು. ಸಾಲಾಗಿ ಏಳು ಡಾಲ್ಡಾ ಡಬ್ಬಿ, ತುಂಬ ಮಣ್ಣು. ಎರಡರಲ್ಲಿ ಬೆರಳುದ್ದದ ಸಸಿ, ಚಿಗುರೆಲೆ ಕೆಂಪಗಿತ್ತು. ಪ್ರತಿ ಡಬ್ಬಿಯ ಕೊರಳಿಗೂ ನನ್ನದೇ ಅಕ್ಷರದ ಚೀಟಿ. ಊಟದ ಲೆಕ್ಕಕ್ಕೆ ಬೇಕಾಗುತ್ತದೆ ಅಂತ ನಂಬರು ಬರೆದ ಚೀಟಿ ಎಸೆಯಬಾರದು, ಅದು ಮೆಸ್ಸಿನ ರೂಢಿ.

"ಉಪ್ಪಾಗೆ ಬೀಜ ಯಾರಾದ್ರೂ ಬಿಸಾಡ್ತಾರಾ? ಊರಲ್ಲಿ ಬೀಜ ಅರೆದು ಕುದಿಸಿ ತುಪ್ಪ ತೆಗೀತೇವೆ. ಇಷ್ಟೇ ಬೀಜದಲ್ಲಿ ತುಪ್ಪ ಬರೂದಿಲ್ಲ, ಅದ್ಕೇ ಹುಗಿದಿಟ್ಟೆ. ದಿನಾ ಅಕ್ಕಿ ತೊಳೆದ ನೀರು ಹಾಕ್ತೆ. ಅದು ಏಳೂಕೆ ತಿಂಗಳುಗಟ್ಟಲೆ ಬೇಕು ತಂಗಿ, ನಿಮ್ ಗಾಜಿನ ತಟ್ಟೆಗೆ ಅವಸರ."

"ಮೊದಲೇ ಯಾಕೆ ಹೇಳಲಿಲ್ಲ ಭಟ್ರೇ?"

"ನೀ ಮಾತಾಡ್ತಿರ್ಲಿಲ್ವಲ್ಲ."

ಮಾರನೇ ದಿನ ಮೇಷ್ಟ್ರು ತಾವೇ ಬಂದು ಡಬ್ಬಿಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಬೇಸಿಗೆ ಬರುವಷ್ಟರಲ್ಲಿ ಇನ್ನೂ ಮೂರು ಎದ್ದವು. ಅಧ್ಯಾಯ ಉಳಿಯಿತು.

ಪ್ರಬಂಧದಲ್ಲಿ ಬೀಜ ಬಿತ್ತಿ ನೋಡಿಕೊಂಡವರು ಯಾರು ಅಂತ ಬರೆಯಬೇಕಿತ್ತು. ಪೆನ್ನು ಹಿಡಿದು ಕೂತವಳ ಕೈ ನಿಂತಿತು. ಕೆಳಗಿಳಿದು ಹೋದೆ. ಭಟ್ಟರು ತರಕಾರಿ ಹೆಚ್ಚುತ್ತಿದ್ದರು. ಐದು ತಿಂಗಳು ಮಾತು ಬಿಟ್ಟದ್ದು ತಪ್ಪಾಯಿತು ಅಂದೆ. ಆಮೇಲೆ, ನಿಮ್ಮ ಹೆಸರೇನು ಅಂತ ಕೇಳಿದೆ. ಹದಿನಾಲ್ಕು ವರ್ಷ ಅವರ ಕೈಯೂಟ ಉಂಡಿದ್ದೆ, ನನಗೆ ಗೊತ್ತಿರಲಿಲ್ಲ.