ಮಾವನ ತೋಳಿಗೆ ನನ್ನ ಸೂಜಿ

ಪ್ಲೇಗಿನ ಸೂಜಿ ಚುಚ್ಚಿಸಿಕೊಂಡ ಚೀಟಿ ಇಲ್ಲದವರನ್ನು ಕಾಗಲದ ತಪಾಸಣೆಯ ನಾಕೆ ದಾಟಿಸಕೂಡದು ಎಂಬ ಹುಕುಂ ಬಂದಾಗ ನಾನು ಗಡಹಿಂಗ್ಲಜದಲ್ಲಿ ಹೊಸ ಸೊಸೆ. ನಾಕೆಯಾಚೆ ಇಚಲಕರಂಜಿಯಲ್ಲಿ ನನ್ನವ್ವ ಎದೆನೋವಿನಿಂದ ಹಾಸಿಗೆ ಹಿಡಿದಿದ್ದಳು. ಮಗಳನ್ನು ಒಮ್ಮೆ ತೋರಿಸಿರಿ ಎಂದು ಹೇಳಿ ಕಳಿಸಿದ್ದಳು.

ನಮ್ಮದು ಜೈನರ ಮನೆ. ಸೂಜಿಯ ಔಷಧವನ್ನು ಮಾಂಸದ ರಸದಲ್ಲಿ ಮಾಡುತ್ತಾರೆಂದು ಅತ್ತೆಯ ಕಿವಿಯಲ್ಲಿ ಯಾರೋ ಊದಿದ್ದರು. ಅದು ಸೊಸೆಯ ಮೈಯೊಳಗೆ ಹೋಗಬಾರದು, ಚೀಟಿ ಮಾತ್ರ ಬೇಕು.

"ಹೆಂಗೂ ನೀವು ಸಂತ್ಯಾಗ ಕದ್ದು ಉಳ್ಳಾಗಡ್ಡಿ ಭಜಿ ತಿಂತೀರಿ. ಆಕೀದೂ ನೀವ ಚುಚ್ಚಿಸ್ಕೊಂಡ್ ಬರ್ರಿ," ಎಂದರು ಅತ್ತೆ, ಮಾವನಿಗೆ.

ದವಾಖಾನೆಯ ಕಂಪೌಂಡರನಿಗೆ ಎಷ್ಟು ಸೂಜಿಯೋ ಅಷ್ಟು ಚೀಟಿ ಆದರೆ ಸಾಕು, ತೋಳು ಯಾರದಾದರೇನು. ಚುಚ್ಚಿ ಹತ್ತು ದಿನವಾಗದೆ ಚೀಟಿ ನಡೆಯುವುದಿಲ್ಲವೆಂದು ಆ ಪುಣ್ಯಾತ್ಮ ತಾರೀಖನ್ನೂ ಹಿಂದಕ್ಕೆ ಹಾಕಿಕೊಟ್ಟ. ಬಲದೋಳಿಗೆ ತಮ್ಮದು, ಎಡದೋಳಿಗೆ ನನ್ನದು ಹಾಕಿಸಿಕೊಂಡು ಬಂದ ಮಾವ ಮೂರು ದಿನ ಜ್ವರದಲ್ಲಿ ನರಳಿದರು. ನನ್ನ ಸೂಜಿಯೇ ಹೆಚ್ಚು ಉರಿಯುತ್ತದೆ ಎಂದು ದೂರಿದರು. ಅತ್ತೆ ಗಂಜಿ ಕುಡಿಸುತ್ತಲೇ, ಪಾಪ ಕಳೆಯಲು ಉಪವಾಸ ಮಾಡಿರಿ ಎಂದು ಉಪದೇಶಿಸಿದರು.

ನಾಲ್ಕನೆಯ ದಿನ ನಾನೂ ಮಾವನೂ ಬಸ್ಸು ಹತ್ತಿದೆವು. ನಾಕೆಯಲ್ಲಿ ನರ್ಸಬಾಯಿ ಚೀಟಿ ನೋಡಿ ಸುಮ್ಮನಾಗಲಿಲ್ಲ, ನನ್ನ ಕುಪ್ಪಸದ ತೋಳನ್ನೂ ಮೇಲೆತ್ತಿದಳು.

"ಚುಚ್ಚಿದ್ದ ಗುರ್ತ ಎಲ್ಲೈತಿ?"

ನನ್ನ ತೋಳು ಸೋರೆಕಾಯಿಯಂತೆ ನುಣ್ಣಗಿತ್ತು. ಮಾವ ಅಂಗಿ ಕಳೆದು ತಮ್ಮ ಎಡದೋಳು ಮುಂದೆ ಚಾಚಿದರು.

"ಇದು ಆಕೀದ್ರಿ ಬಾಯಿ. ಹೆಂಗ ಬಾತೈತಿ ನೋಡ್ರಿ."

ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ.

ನರ್ಸಬಾಯಿ ನಗಲಿಲ್ಲ. ಆ ಚೀಟಿ ಹರಿದು, ಅಲ್ಲೇ ನನಗೆ ಚುಚ್ಚಿ, ಹೊಸದು ಬರೆದಳು. "ಹತ್ತು ದಿನ ಬಿಟ್ಟು ಬರ್ರಿ."

"ಆಕಿ ಅವ್ವ ಹತ್ತು ದಿನ ಇರೂದಿಲ್ರಿ," ಎಂದರು ಮಾವ. ಬಲದೋಳನ್ನೂ ಮುಂದೆ ಚಾಚಿದರು. "ಬೇಕಾದ್ರ ನನಗ ಇನ್ನೆರಡು ಚುಚ್ಚ್ರಿ. ಹುಡುಗೀನ ಬಿಡ್ರಿ."

ಬಸ್ಸು ನಮ್ಮನ್ನು ಬಿಟ್ಟು ಹೋಯಿತು. ನಾವು ಗಡಹಿಂಗ್ಲಜಕ್ಕೆ ಮರಳಿದ ಆರನೆಯ ದಿನ ಅವ್ವ ತೀರಿಕೊಂಡಳು. ಮೊದಲೇ ನನಗೆ ಚುಚ್ಚಿಸಲು ಬಿಡದ ಅತ್ತೆಯ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವರು ಬಡಿಸಿದ್ದನ್ನು ಎರಡು ದಿನ ಮುಟ್ಟಲಿಲ್ಲ.

ಹತ್ತು ದಿನ ತುಂಬಿದ ಮೇಲೆ ಮಾವನೇ ನನ್ನನ್ನು ಇಚಲಕರಂಜಿಗೆ ಕರೆದೊಯ್ದರು. ಬಸ್ಸಿನ ಸದ್ದು ಕೇಳಿದಾಗಲೆಲ್ಲ ಅವ್ವ, "ಬಂದ್ಳೇನು ನೋಡ್ರಿ," ಅನ್ನುತ್ತಿದ್ದಳೆಂದು ನನ್ನ ಅತ್ತಿಗೆ ಹೇಳಿದಳು. ಅದನ್ನು ಕೇಳಿ ನನಗಿಂತ ಮೊದಲು ಮಾವ ಅತ್ತರು.